ತೀರ್ಥದ ಜೊತೆ ನುಂಗಿದ ಗುಳಿಗೆ

ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲಿ ಎಲ್ಲರೂ ಹೇಳುವುದು ಒಂದೇ: ದೊಡ್ಡವ್ವ ಓದಿದವಳಲ್ಲ, ದವಾಖಾನೆಯವರ ಮಾತು ಕೇಳಲಿಲ್ಲ, ಅದಕ್ಕೇ ಅಂದು ಸಾಯುವಂತಾದಳು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಂಥ ವಾದವನ್ನು ಒಂದೇ ಪ್ರಶ್ನೆಯಿಂದ ಕೆಡವಬಹುದು. ಕೇಳಲಿಲ್ಲ ಸರಿ, ಯಾವ ಮಾತನ್ನು?

ಅದು ಶ್ರಾವಣ ಸೋಮವಾರ. ಮಧ್ಯಾಹ್ನದ ಬಸ್ಸಿಗೆ ನಾನು ದೊಡ್ಡವ್ವನ ಊರು ಕಮಲಾಪುರ ತಲುಪಿದಾಗ ಅವಳು ಮನೆಯ ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಕುಪ್ಪಸ ಬೆವರಿನಿಂದ ತೊಯ್ದಿತ್ತು. ಯಾವಾಗಲೂ “ಬಂದ್ಳು ನೋಡ್ರಿ ವಕೀಲಬಾಯಿ” ಎಂದು ಚುಚ್ಚುವವಳು ಅಂದು “ಯಾರ ಮಗಳವಾ ನೀ?” ಎಂದಳು. ಚೇಷ್ಟೆ ಎಂದುಕೊಂಡು ಕೈ ಹಿಡಿದೆ. ಕೈ ತಣ್ಣಗಿತ್ತು, ನಡುಗುತ್ತಿತ್ತು.

“ಉಪವಾಸದ್ದು ಸುಸ್ತದ, ಮಲಗಿಸು. ಸಂಜೀಗಿ ಉಂಡ್ರ ಸರಿ ಹೋಗ್ತದ,” ಎಂದು ಪಕ್ಕದ ಮನೆಯಾಕೆ ಅವಳ ಹಣೆಗೆ ವಿಭೂತಿ ಹಚ್ಚಿದಳು. “ಆಟೋ ಕರೀರಿ” ಎಂದಷ್ಟೇ ಹೇಳಿದೆ. ದಾರಿಯಲ್ಲಿ ಅವಳ ತಲೆ ನನ್ನ ಹೆಗಲ ಮೇಲೆ ಜೋತುಬಿತ್ತು. ಮೂಗಿನ ಕೆಳಗೆ ಬೆರಳಿಟ್ಟೆ. ಬೆರಳಿಗೆ ತಾಕುತ್ತಿದ್ದುದು ಅವಳ ಉಸಿರೋ ರಸ್ತೆಯ ಗಾಳಿಯೋ ತಿಳಿಯಲಿಲ್ಲ.

ದವಾಖಾನೆಯ ಸಿಸ್ಟರ್ ಬೆರಳು ಚುಚ್ಚಿ ರಕ್ತ ನೋಡಿ, “ಶುಗರ್ ಪೂರಾ ಇಳದದ” ಎನ್ನುತ್ತಲೇ ಓಡಿದರು. ಗ್ಲೂಕೋಸ್ ಬಾಟಲಿ ಏರಿಸಿದರು. ಎಷ್ಟೋ ಹೊತ್ತಿಗೆ ದೊಡ್ಡವ್ವ ಕಣ್ಣುಬಿಟ್ಟು ಮೊದಲು ಕೇಳಿದ್ದು, “ನನ್ನ ಉಪವಾಸ ಮುರೀತೇನು?”

“ಮುಂಜಾನಿ ಶುಗರ್ ಗುಳಿಗಿ ತೊಗೊಂಡಿದ್ರೇನ್ರೀ?” ಎಂದರು ಸಿಸ್ಟರ್.

“ತೊಗೊಂಡೀನಿ. ಒಂದಿನಾನೂ ತಪ್ಪಿಸಬ್ಯಾಡ ಅಂತ ನೀನ ಅಂದಿದ್ದೆಲ್ಲವಾ? ಉಪವಾಸ ಕೆಡಬಾರ್ದಂತ ತೀರ್ಥದ ಜೋಡಿ ನುಂಗೀನಿ.”

“ಉಂಡ ಮ್ಯಾಲ ಅಂತನೂ ಹೇಳಿದ್ನೆಲ್ರೀ.”

“ಶ್ರಾವಣ ಸೋಮವಾರ ಉಣ್ಣೋದೆಲ್ಲಿ ಬಂತು?”

ಸಿಸ್ಟರ್ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಶುಗರ್ ಇಳಿಸುವ ಗುಳಿಗೆ ಖಾಲಿ ಹೊಟ್ಟೆಗೆ ಬಿದ್ದು ಅವಳನ್ನು ಕೆಡವಿತ್ತು. ಕೇಳದವಳಾಗಿದ್ದರೆ ಅಂದು ಗುಳಿಗೆ ಬಿಟ್ಟು ಆರಾಮಾಗಿ ಇರುತ್ತಿದ್ದಳು. ಸಿಸ್ಟರ್ ಹೇಳಿದ್ದ ಎರಡು ಮಾತುಗಳಲ್ಲಿ ತನ್ನ ಸೋಮವಾರಕ್ಕೆ ಒಗ್ಗುವ ಒಂದನ್ನು ಅವಳು ಚಾಚೂ ತಪ್ಪದೆ ಪಾಲಿಸಿದ್ದಳು. ಉಪವಾಸ ಮಾಡುತ್ತೀರಾ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಅದು ಹೇಳಬೇಕಾದ ಸಂಗತಿಯೆಂದು ಅವಳಿಗೂ ತೋಚಿರಲಿಲ್ಲ.

“ಇನ್ನ ಉಣಲಾರ್ದೆ ಈ ಗುಳಿಗಿ ನುಂಗಬ್ಯಾಡ್ರಿ. ಉಪವಾಸ ಇದ್ರ ಮೊದಲ ಡಾಕ್ಟರಿಗಿ ಕೇಳ್ರಿ. ತಿಳೀತಿಲ್ರೀ?” ಎಂದರು ಸಿಸ್ಟರ್.

“ತಿಳೀತವಾ,” ಎಂದು ದೊಡ್ಡವ್ವ ತಲೆಯಾಡಿಸಿದಳು. ಸಿಸ್ಟರ್ ಪಕ್ಕದ ಮಂಚಕ್ಕೆ ಹೋದರು.

ಹಿಂದೆ ಗುಳಿಗೆ ಕೊಟ್ಟಾಗಲೂ ಅವಳು ಹೀಗೆಯೇ ತಲೆಯಾಡಿಸಿರಬೇಕು. ಶ್ರಾವಣ ಇನ್ನೂ ಮುಗಿದಿರಲಿಲ್ಲ, ಪ್ರತಿ ಸೋಮವಾರವೂ ನಾನು ಆ ಬಸ್ಸಿನಲ್ಲಿ ಇರುವವಳಲ್ಲ. ಮಂಚದ ಅಂಚಿಗೆ ಕೂತು ಕೇಳಿದೆ:

“ದೊಡ್ಡವ್ವ, ತಿಳೀತೋ ಇಲ್ಲೋ ಅಂತ ನಾ ಕೇಳಂಗಿಲ್ಲ. ಬರೋ ಸೋಮವಾರ ಪೂಜಿ ಮುಗಿಸಿ ಏಳ್ತಿ, ಗುಳಿಗಿ ಎದುರಿಗೇ ಇರ್ತದ. ಆವಾಗ ಏನ್ ಮಾಡ್ತಿ?”