ಜಾಡಿಯೊಳಗಿನ ಗಾಳಿ

ಮಕ್ಕಳು ಕಲಿತದ್ದನ್ನು ಮರೆಯುತ್ತಾರೆಂದು ಇನ್‌ಸ್ಪೆಕ್ಟರ್ ಸಾಹೇಬರು ಬಂದಾಗಲೆಲ್ಲ ಗೊಣಗುತ್ತಾರೆ. ತರೀಕೆರೆಯ ಹೈಸ್ಕೂಲಿನಲ್ಲಿ ಸೈನ್ಸ್ ಹೇಳಿಕೊಡುತ್ತಲೇ ತಲೆ ನರೆಸಿಕೊಂಡ ನನಗೆ ಆ ಚಿಂತೆಯಿಲ್ಲ. ನನ್ನ ಹುಡುಗರು ಏನನ್ನೂ ಮರೆಯುವುದಿಲ್ಲ. ಈಚೆಗೆ ನನಗೆ ನಿದ್ದೆ ಬಾರದಿರುವುದು ಅದಕ್ಕೇ.

ವರ್ಷವರ್ಷವೂ ಗಾಜಿನ ಜಾಡಿಯಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿಸಿ, ಉರಿಯುವ ಮೇಣದ ಬತ್ತಿಯನ್ನು ಇಳಿಬಿಡುತ್ತೇನೆ. ಬತ್ತಿ ಆರುತ್ತದೆ. ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ನಾನೂ ಗಾರುಡಿಗನ ಗತ್ತಿನಲ್ಲಿ ಮೀಸೆ ತೀಡಿಕೊಳ್ಳುತ್ತೇನೆ. ಆಮೇಲೆ ಎಲ್ಲರೂ ಇಂಗ್ಲಿಷಿನಲ್ಲಿ ರಾಗವಾಗಿ ಹೇಳುತ್ತಾರೆ: ಇದು ನಾವು ಉಸಿರಾಡುವ ಗಾಳಿಗಿಂತ ಭಾರ, ಇದರಲ್ಲಿ ದೀಪ ಉರಿಯದು, ಜೀವ ನಿಲ್ಲದು. ಅಜ್ಜಂಪುರದ ಕಡೆಯ ರೈತರ ಮಗ ರುದ್ರಪ್ಪ ಹೇಳಿದರಂತೂ ಒಂದಕ್ಷರ ಆಚೀಚೆ ಆಗುತ್ತಿರಲಿಲ್ಲ. ಪೂರ್ತಿ ಮಾರ್ಕು ಕೊಟ್ಟಿದ್ದೆ.

ಹೋದ ಬೇಸಗೆ ರಜೆಯಲ್ಲಿ ಅವನ ಮನೆಯವರು ಹಗೇವು ತೆಗೆದರು. ನೆಲದೊಳಗಿನ ಆ ರಾಗಿಯ ಕಣಜ ಬಹಳ ದಿನದಿಂದ ಮುಚ್ಚಿಯೇ ಇತ್ತು. ಬಾಯಿ ತೆಗೆದು ಒಂದು ದಿನ ಹಾಗೇ ಬಿಡುವುದು ವಾಡಿಕೆ. ನೆಂಟರು ಬಂದಿದ್ದರಿಂದ ಅವಸರವಾಯಿತು. ಕಾಳು ಎಷ್ಟಿದೆಯೆಂದು ನೋಡಲು ರುದ್ರಪ್ಪ ಲಾಟೀನು ಇಳಿಬಿಟ್ಟ. ಆರಿತು. ಎಣ್ಣೆ ತೀರಿರಬೇಕೆಂದುಕೊಂಡು ತಾನೇ ಇಳಿದ, ಕುಸಿದ. ಹಿಂದೆಯೇ ಇಳಿದ ಚಿಕ್ಕಪ್ಪ ಅವನ ಸೊಂಟಕ್ಕೆ ಹಗ್ಗ ಕಟ್ಟಿ ಮೇಲಕ್ಕೆ ಕಳಿಸಿ, ತಾವು ಅಲ್ಲೇ ಬಿದ್ದರು. ಅವರನ್ನು ಎತ್ತುವಷ್ಟರಲ್ಲಿ ಜೀವ ಹೋಗಿತ್ತು.

ಸುದ್ದಿ ಕೇಳಿ ಬೀರೂರಿನಲ್ಲಿ ರೈಲು ಬದಲಿಸಿಕೊಂಡು ಹೋದೆ. ಹುಡುಗ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಬೈಯಲು ಬಾಯಿ ಬರಲಿಲ್ಲ.

"ಆ ಪಾಠ ಮರ್ತೋಗಿತ್ತೇನಪ್ಪಾ?"

"ಇಲ್ಲ ಸಾರ್" ಎಂದವನೇ ಪಾಠವನ್ನು ಇಂಗ್ಲಿಷಿನಲ್ಲಿ ಪೂರ್ತಿ ಒಪ್ಪಿಸಿದ.

"ಮತ್ಯಾಕೋ ಇಳ್ದೆ?"

"ಅದು ಜಾಡಿ ಗಾಳಿ ಅಲ್ವಾ ಸಾರ್. ಇದು ನಮ್ಮನೆ ಹಗೇವು."

ಪಾಠ ಒಪ್ಪಿಸದವನನ್ನು ಬೆಂಚಿನ ಮೇಲೆ ನಿಲ್ಲಿಸುವುದು ನಮ್ಮ ಪದ್ಧತಿ. ಹೀಗೆ ಒಪ್ಪಿಸಿದವನನ್ನು ಏನು ಮಾಡುವುದು? ತಲೆದೂಗಿ ಒಪ್ಪಿಸಿಕೊಂಡವನನ್ನು ಎಲ್ಲಿ ನಿಲ್ಲಿಸುವುದು? ಆ ಮನೆಯ ಹೆಂಗಸರು ನನಗೆ ಕಾಲಿಗೆ ನೀರು ಕೊಟ್ಟು, ಮೇಷ್ಟ್ರು ಅಷ್ಟು ದೂರದಿಂದ ಬಂದರಲ್ಲ ಎಂದು ಕಣ್ಣೊರೆಸಿಕೊಂಡರು. ನನಗೆ ನಾಚಿಕೆಯಾಯಿತು.

ಈ ವರ್ಷ ಹೊಸ ತರಗತಿಗೆ ಜಾಡಿ ತೋರಿಸುವ ಮೊದಲೇ ಹಗೇವಿನ ಸಂಗತಿ ಹೇಳಿದೆ. ಹುಡುಗರು ಉಸಿರು ಬಿಗಿಹಿಡಿದು ಕೇಳಿದರು. ಮರುದಿನ, ಈ ಗಾಳಿ ಎಲ್ಲೆಲ್ಲಿ ಇರುತ್ತದೆಂದು ಪ್ರಶ್ನೆ ಹಾಕಿದೆ. ಶಿವನಿ ಊರಿನ ಹುಡುಗನೊಬ್ಬ ತಟ್ಟನೆ ಎದ್ದು ನಿಂತ.

"ಜಾಡೀಲಿ ಸಾರ್. ಆಮೇಲೆ ರುದ್ರಪ್ಪಣ್ಣನ ಮನೆ ಹಗೇವಲ್ಲಿ."

ಅವನ ಮನೆಯಲ್ಲೂ ಒಂದು ಹಗೇವು ಇದೆಯಂತೆ. ಅದನ್ನು ತೆಗೆಯುವ ದಿನ ಲಾಟೀನು ಹಿಡಿದುಕೊಂಡು ನಾನೂ ಹೋಗಬೇಕೆಂದಿದ್ದೇನೆ.