ಕೆಳಗಿಳಿದರೆ ತುಂಬಿದಂತೆ

ಟ್ಯಾಂಕ್ ಮಾವನಿಗೆ ಪ್ರೋಗ್ರಾಮಿಂಗ್ ಕಲಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದವಳು ಅಮ್ಮ. ನಾನು ನೀರು ಸರಬರಾಜು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು, ಅವಳ ತಮ್ಮ ಅದೇ ಇಲಾಖೆಯ ಪಂಪ್‌ಹೌಸಿನಲ್ಲಿ ಪಂಪು ನಡೆಸುವವನು. ಸೋದರಮಾವನಿಗೆ ನೀನಲ್ಲದೆ ಇನ್ಯಾರು ಕಲಿಸುತ್ತಾರೆ ಎಂದಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಪಾಠ ಹೇಳುವ ಜಾತಕ ನನ್ನದಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗೊಣಗುತ್ತಲೇ ಲ್ಯಾಪ್‌ಟಾಪ್ ಹಿಡಿದು ಹೊರಟೆ.

ಕಲಿಯದೆ ಮಾವನಿಗೆ ಬೇರೆ ದಾರಿ ಇರಲಿಲ್ಲ. ಟ್ಯಾಂಕುಗಳಿಗೆಲ್ಲ ಸೆನ್ಸರ್ ಕೂರಿಸಿ, ನೀರಿನ ಮಟ್ಟವನ್ನು ದೊಡ್ಡ ಕಚೇರಿಯ ಒಂದೇ ಪರದೆಗೆ ತರುವುದೆಂದು ತೀರ್ಮಾನವಾಗಿತ್ತು. ಬಂದ ಅಂಕಿಗಳನ್ನು ಲಿಸ್ಟಿಗೆ ಸೇರಿಸಿ, ಗ್ರಾಫ್ ಬರೆಸಿ, ಅದನ್ನು ನೋಡಿ ಪಂಪು ನಡೆಸಬಲ್ಲ ಆಪರೇಟರುಗಳು ಉಳಿಯುತ್ತಾರೆ, ಮಿಕ್ಕವರು ಮನೆಗೆ. ಮಾವನ ಮಟ್ಟಿಗೆ ಹೋಗಲು ಮನೆಯೂ ಇರಲಿಲ್ಲ. ಅವನೂ ಅತ್ತೆಯೂ ಇದ್ದದ್ದು ಟ್ಯಾಂಕಿನ ಹಿಂದಿನ ಎರಡು ಕೋಣೆಗಳ ಕ್ವಾರ್ಟರ್ಸಿನಲ್ಲಿ. ಅತ್ತೆಯ ಹೊಲಿಗೆ ಯಂತ್ರ ಅಲ್ಲಿಯ ಕಿಟಕಿಯ ಬಳಿಯಿತ್ತು, ಬಟ್ಟೆ ಒಣಗುವ ಹಗ್ಗದ ಒಂದು ತುದಿ ಟ್ಯಾಂಕಿನ ಕಾಲಿಗೇ ಕಟ್ಟಿತ್ತು. ಕೆಲಸ ಹೋದರೆ ಆ ಕೋಣೆಗಳೂ ಹೋಗುತ್ತಿದ್ದವು.

ಆ ಟ್ಯಾಂಕಿನ ಗೋಡೆಗೆ ಅಳತೆಯ ಗುರುತು ಹಾಕಿದ ಉದ್ದನೆಯ ಹಲಗೆಯೊಂದಿತ್ತು. ಒಳಗೆ ನೀರಿನ ಮೇಲೆ ತೇಲುವ ಡಬ್ಬಿ, ಅದಕ್ಕೆ ಕಟ್ಟಿದ ಹಗ್ಗ ರಾಟೆಯ ಮೇಲೆ ಹಾದು ಹೊರಗೆ ಬಂದರೆ, ತುದಿಯಲ್ಲಿ ಕಬ್ಬಿಣದ ಭಾರ. ಆ ಭಾರಕ್ಕೆ ಕೆಂಪು ಬಳಿದ ಮುಳ್ಳು. ನೀರು ಏರಿದರೆ ಒಳಗೆ ಡಬ್ಬಿ ಏರುತ್ತದೆ, ಹೊರಗೆ ಮುಳ್ಳು ಇಳಿಯುತ್ತದೆ. ಮುಳ್ಳು ಹಲಗೆಯ ಬುಡಕ್ಕೆ ಬಂದರೆ ಟ್ಯಾಂಕು ತುಂಬಿದೆ ಎಂದರ್ಥ, ತುದಿಗೆ ಏರಿದರೆ ಬರಿದಾಗಿದೆ ಎಂದು. ಚಿಕ್ಕಂದಿನಲ್ಲಿ ನನಗಿದು ದೊಡ್ಡ ತಮಾಷೆ. ಮಾವನಿಗೆ ಅದು ಉಸಿರಾಡಿದಷ್ಟು ಸಹಜ. ಊಟಕ್ಕೆ ಕೂತಲ್ಲಿಂದಲೇ ಕಿಟಕಿಯಾಚೆ ಕಣ್ಣು ಹಾಯಿಸಿ, ಮುಳ್ಳು ಮೇಲಿದ್ದರೆ ತುತ್ತು ಬಿಟ್ಟು ಎದ್ದು ಹೋಗಿ ಪಂಪು ಹಾಕಿ ಬರುತ್ತಿದ್ದ.

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾದೀತು ಎಂದುಕೊಂಡು ಹೋದವಳಿಗೆ ಅವನು ಕಲಿತ ರೀತಿ ನೋಡಿ ನಾಚಿಕೆಯಾಯಿತು. ಲಿಸ್ಟ್ ಅಂದರೆ ನಲ್ಲಿಯ ಮುಂದೆ ಸಾಲಾಗಿಟ್ಟ ಬಕೆಟ್ಟುಗಳು, ಹೊಸದು ಬಂದರೆ ಬಾಲಕ್ಕೆ ಸೇರುತ್ತದೆ ಎಂದೆ. ಮಧ್ಯೆ ನುಗ್ಗುವ ಹಾಗಿಲ್ಲವೇ ಎಂದು ಕೇಳಿದ. ನುಗ್ಗಬಹುದು, ಅದಕ್ಕೆ ಬೇರೆಯೇ ಆಜ್ಞೆ ಇದೆ ಎಂದೆ.

"ಹಾಗಾದ್ರೆ ಇದೂ ನಮ್ಮ ಬೀದಿ ನಲ್ಲಿನೇ ಬಿಡು," ಎಂದ. ಒಳಗಿದ್ದ ಅತ್ತೆ ಹೊಲಿಗೆ ನಿಲ್ಲಿಸಿ ನಕ್ಕಳು.

ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ ಎಂದಾಗ ಸ್ವಲ್ಪ ಜಗಳವಾಡಿದ. ಮೊದಲನೆಯವನನ್ನು ಸೊನ್ನೆ ಎಂದು ಕರೆದರೆ ಅವನಿಗೆ ಬೇಜಾರಾಗುವುದಿಲ್ಲವೇ ಎಂಬುದು ಅವನ ವಾದ. ಆಮೇಲೆ ಒಪ್ಪಿಕೊಂಡ. ಗ್ರಾಫಿಗೆ ಎರಡು ಲಿಸ್ಟು ಬೇಕು, ಒಂದರಲ್ಲಿ ಗಂಟೆ, ಇನ್ನೊಂದರಲ್ಲಿ ನೀರಿನ ಮಟ್ಟ, ಎರಡೂ ಒಂದೇ ಉದ್ದ ಇರಬೇಕು ಎಂಬುದನ್ನು ಮಾತ್ರ ಪದೇಪದೇ ಮರೆಯುತ್ತಿದ್ದ. ಪರದೆಯ ಮೇಲೆ ತಪ್ಪು ತೋರಿಸುವ ಕೆಂಪಕ್ಷರ ಬಂದಾಗ ನಾನು ರೇಗುತ್ತಿದ್ದೆ. ಅವನು ಕನ್ನಡಕ ತೆಗೆದು ಒರೆಸಿ, ಗಂಟೆ ಇದೆ, ನೀರಿಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಬಿಟ್ಟುಹೋದ ಅಂಕಿಯನ್ನು ಹುಡುಕಿ ತುಂಬುತ್ತಿದ್ದ. ಕೊನೆಗೊಂದು ಸಂಜೆ ನನ್ನ ಸಹಾಯವಿಲ್ಲದೆ ಇಡೀ ದಿನದ ಗ್ರಾಫ್ ಬರೆಸಿದ. ನೀಲಿ ಗೆರೆ ಎಡದಿಂದ ಬಲಕ್ಕೆ ಚೆಂದವಾಗಿ ಏರಿತು. ನಾನು ಚಪ್ಪಾಳೆ ತಟ್ಟಿದೆ. ಅವನು ಕುರ್ಚಿ ಬಿಟ್ಟು ಎದ್ದು, ಕಿಟಕಿಯಾಚೆ ಟ್ಯಾಂಕಿನ ಕಡೆ ನೋಡಿದ. ಹೆಮ್ಮೆಯಿಂದ ನೋಡುತ್ತಿದ್ದಾನೆ ಎಂದುಕೊಂಡೆ.

ಪರೀಕ್ಷೆ ದೊಡ್ಡ ಕಚೇರಿಯಲ್ಲಿ. ಇಂಜಿನಿಯರ್ ಒಳ್ಳೆಯ ಮನುಷ್ಯ, ನಾನು ಹಿಂದೆ ನಿಂತು ನೋಡಲು ಬಿಟ್ಟರು. ಮಾವ ಅಂಕಿಗಳನ್ನು ಲಿಸ್ಟಿಗೆ ಹಾಕಿದ, ಉದ್ದ ಸರಿಯಿದೆಯೇ ನೋಡಿದ, ಗ್ರಾಫ್ ಬರೆಸಿದ. ಎಲ್ಲಿಯೂ ಕೆಂಪಕ್ಷರ ಬರಲಿಲ್ಲ. ಇಂಜಿನಿಯರ್ ತಲೆದೂಗಿ, ಆಗಲೇ ಸೆನ್ಸರ್ ಕೂರಿಸಿದ್ದ ಬೇರೆ ಟ್ಯಾಂಕುಗಳಿಂದ ಬರುತ್ತಿದ್ದ ಗೆರೆಗಳ ಪರದೆ ತೋರಿಸಿದರು. ಒಂದು ಗೆರೆ ಏರುತ್ತ ಏರುತ್ತ ಮೇಲಂಚಿಗೆ ಬರುತ್ತಿತ್ತು. ಈಗೇನು ಮಾಡುತ್ತೀರಿ ಎಂದು ಕೇಳಿದರು.

ಮಾವ ಅರೆಕ್ಷಣವೂ ತಡೆಯಲಿಲ್ಲ. "ಎರಡನೇ ಪಂಪೂ ಹಾಕ್ತೀನಿ ಸಾರ್, ಖಾಲಿಯಾಗ್ತಿದೆ."

ಆ ಸಂಜೆ ಕಿಟಕಿಯತ್ತ ಅವನು ಯಾಕೆ ಎದ್ದುಹೋಗಿದ್ದ ಎಂಬುದು ನನಗೆ ಹೊಳೆದದ್ದು ಆಗಲೇ. ಅಂಕಿ ಓದಿ ಹೇಳು ಎಂದರೆ ಮಾವ ಸರಿಯಾಗಿಯೇ ಹೇಳುತ್ತಿದ್ದ, ಗೆರೆ ಕಂಡರೆ ಮಾತ್ರ ಅವನ ಕಣ್ಣು ಹಲಗೆಗೆ ಹೋಗುತ್ತಿತ್ತು. ನಾನು ನಡುವೆ ಬಾಯಿ ಹಾಕಿದೆ. ಗ್ರಾಫನ್ನು ತಲೆಕೆಳಗು ಮಾಡುವುದು ಒಂದೇ ಸಾಲಿನ ಕೆಲಸ, ಈಗಲೇ ಬರೆದುಕೊಡುತ್ತೇನೆ ಎಂದೆ. ಇಂಜಿನಿಯರ್ ನೊಂದುಕೊಂಡೇ ಇಲ್ಲವೆಂದರು. ಪರದೆ ಒಂದೇ, ಪಾಳಿ ಬದಲಾದಾಗ ಅದನ್ನೇ ಇನ್ನೊಬ್ಬರು ನೋಡಬೇಕು, ಒಬ್ಬರಿಗಾಗಿ ತಿರುಗಿಸಿದರೆ ಮಿಕ್ಕವರು ಮೋಸಹೋಗುತ್ತಾರೆ. ಅವರ ಮಾತಿನಲ್ಲಿ ತಪ್ಪು ಹುಡುಕಲು ಬಹಳ ಪ್ರಯತ್ನಪಟ್ಟೆ, ಸಿಗಲಿಲ್ಲ. ಇನ್ನೊಂದು ಅವಕಾಶ ಕೊಡುತ್ತೇನೆಂದರು, ಅದು ಅವರ ದೊಡ್ಡತನ.

ಆ ದಿನಗಳಲ್ಲಿ ನಾನು ಮಾವನನ್ನು ಗೋಳುಹೊಯ್ದುಕೊಂಡೆ. ಏರುವ ಗೆರೆ, ಇಳಿಯುವ ಗೆರೆ, ಮತ್ತೆ ಏರುವ ಗೆರೆ. 'ಮೇಲೆ ಅಂದರೆ ತುಂಬಿದೆ' ಎಂದು ಚೀಟಿ ಬರೆದು ಪರದೆಗೆ ಅಂಟಿಸಿದೆ. ಅತ್ತೆಯೂ ಹಾದುಹೋಗುವಾಗಲೆಲ್ಲ ಕೇಳುತ್ತಿದ್ದಳು, ಮೇಲೆ ಅಂದರೇನು ಹೇಳಿ ನೋಡೋಣ ಎಂದು. ಅವನು ಸರಿಯಾಗಿ ಹೇಳುತ್ತಿದ್ದ.

"ತಲೆಗೆ ಗೊತ್ತಾಗಿದೆ ಕಣೇ," ಎಂದ ಒಮ್ಮೆ. "ಆದ್ರೆ ಆ ಗೆರೆ ಏರೋದು ಕಂಡ್ರೆ ಯಾರ ಮನೇಲೋ ನೀರು ನಿಂತುಹೋಯ್ತು ಅನ್ಸುತ್ತೆ."

ನಾನು ಇನ್ನೊಂದು ಏರುವ ಗೆರೆ ಬರೆಸಿದೆ.

ಎರಡನೆಯ ಸಲ ಇಂಜಿನಿಯರ್ ತೋರಿಸಿದ ಗೆರೆ ಇಳಿಯುತ್ತಿತ್ತು. ಮಾವ ಬಾಯಿ ತೆರೆದ, ಮುಚ್ಚಿದ. ಮನಸ್ಸಿಗೆ ಮೊದಲು ಬಂದದ್ದನ್ನು ತಿರುಗಿಸಿದ, ತಿರುಗಿಸಿದ್ದು ಸರಿಯೋ ಎಂದು ಅನುಮಾನ ಬಂದು ಮತ್ತೆ ತಿರುಗಿಸಿದ. ಕೊನೆಗೆ, ತುಂಬಿದೆ, ಪಂಪು ನಿಲ್ಲಿಸುತ್ತೇನೆ ಎಂದ. ಹೇಳಿದ ಕೂಡಲೇ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಕ್ವಾರ್ಟರ್ಸ್ ಖಾಲಿ ಮಾಡಬೇಕೆಂಬ ಆದೇಶವನ್ನು ಟೈಪ್ ಮಾಡಿದ್ದು ನನ್ನ ಪಕ್ಕದ ಮೇಜಿನವಳು. ಅಮ್ಮ ತನ್ನ ಮನೆಗೇ ಬನ್ನಿ ಎಂದಳು. ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರ ಇಡಲು ಜಾಗವಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಅತ್ತೆ ಅದನ್ನು ಯಾರಿಗೋ ಕೊಟ್ಟುಬಿಟ್ಟಳು.

ಸಾಮಾನು ಸಾಗಿಸುವ ದಿನ ಮಧ್ಯಾಹ್ನ ನಾನೂ ಹೋದೆ. ಅತ್ತೆ ಹಗ್ಗದಿಂದ ಕೊನೆಯ ಬಟ್ಟೆಗಳನ್ನು ತೆಗೆಯುತ್ತಿದ್ದಳು. ಸೆನ್ಸರ್ ಕೂರಿಸುವವರು ಅಂದೇ ಬಂದಿದ್ದರು. ಟ್ಯಾಂಕಿಗೆ ನೀರು ಬಿಟ್ಟಿರಲಿಲ್ಲ, ಮುಳ್ಳು ಹಲಗೆಯ ತುದಿಯಲ್ಲಿತ್ತು. ಮಾವ ಮಡಚಿದ ಹಾಸಿಗೆಯನ್ನು ಹೆಗಲಿಗೇರಿಸಿಕೊಂಡು ಹೊರಗೆ ಬರುವುದಕ್ಕೂ ಏಣಿಯ ಮೇಲಿದ್ದವನು ಹಗ್ಗ ಕತ್ತರಿಸುವುದಕ್ಕೂ ಸರಿಹೋಯಿತು. ಕಬ್ಬಿಣದ ಭಾರ ಹಲಗೆಯನ್ನು ಉಜ್ಜಿಕೊಂಡು ಜಾರಿ ಬುಡಕ್ಕೆ ಬಂದು ಕೂತಿತು, ಕೆಂಪು ಮುಳ್ಳು ಕಟ್ಟಕಡೆಯ ಗುರುತಿನ ಮೇಲೆ.

ಮಾವ ಹಾಸಿಗೆಯನ್ನು ಅಲ್ಲೇ ನೆಲಕ್ಕಿಟ್ಟ. "ತುಂಬ್ತು," ಎಂದು, ಬೇಗಬೇಗ ಪಂಪ್‌ಹೌಸಿನೊಳಗೆ ಹೋಗಿ ಪಂಪು ನಿಲ್ಲಿಸಲು ಗೋಡೆಗೆ ಕೈ ಚಾಚಿದ. ಸ್ವಿಚ್ಚಿನ ಪೆಟ್ಟಿಗೆಯನ್ನು ಬೆಳಿಗ್ಗೆಯೇ ಕಿತ್ತುಹಾಕಿದ್ದರು. ಸುಣ್ಣ ಬಳಿಯದ ಚೌಕದ ಮೇಲೆ ಅವನ ಕೈ ಬಹಳ ಹೊತ್ತು ಹಾಗೆಯೇ ಇತ್ತು.