ಒತ್ತಿದ್ರೂ ಹೋಗದ ಚೂಪು

ಮೇಡಂ ಬಲಗೈ ತೋರುಬೆರಳು ಸೀಮೆಸುಣ್ಣ ಹಿಡ್ದು ಹಿಡ್ದು ಒಡ್ದೋಗಿತ್ತು. ಊಟ ಮಾಡುವಾಗ್ಲೂ ಆ ಬಿರುಕಲ್ಲಿ ಬಿಳಿಪುಡಿ. ಬಾಗಲಗುಂಟೇಲಿ ನಾವಿರೋ ಬಿಲ್ಡಿಂಗಲ್ಲೇ ಮೇಲಿನ ಮನೆ ಅವ್ರದ್ದು. ಕಾಲೇಜಲ್ಲಿ ಗಣಿತ ಹೇಳ್ತಿದ್ರು. ನಾನು ಎಂಟನೇ ಕ್ಲಾಸಿಗೆ ಬಿಟ್ಟೋನು, ದಾಸರಹಳ್ಳೀಲಿ ಮಾವನ ಸ್ಟೀಲ್ ಶೆಡ್ಡಲ್ಲಿ ಕೆಲ್ಸ.

ಒಂದಿನ ಕಾಫಿ ಕೊಟ್ಟು ಲೋಟದೊಳ್ಗೆ ನೋಡು ಅಂದ್ರು. ಬಿಸಿಲು ಸ್ಟೀಲಿಗೆ ಬಡ್ದು ಕಾಫಿ ಮೇಲೆ ಬೆಳಕಿನ ಗೆರೆ ಬಿದ್ದಿತ್ತು. ಎರಡು ಕಡೆಯಿಂದ ಬಾಗಿ ಬಂದು ಮಧ್ಯ ಚೂಪಾಗಿ ಸೇರಿತ್ತು.

"ಗೆರೆ ಎಲ್ಲಾ ಕಡೆ ನುಣ್ಣಗಿದೆ, ಇಲ್ಲಿ ಮಾತ್ರ ಮುರ್ದಿದೆ. ಇಂಥ ಜಾಗನೇ ನನ್ನ ವಿಷಯ ಕಣೋ. ಲೋಟ ಸ್ವಲ್ಪ ಸೊಟ್ಟ ಆದ್ರೆ ಈ ಚೂಪು ಇರತ್ತಾ, ಹೋಗತ್ತಾ?"

"ಹೋಗತ್ತೆ."

"ಎಷ್ಟು ಧೈರ್ಯವಾಗಿ ತಪ್ಪು ಹೇಳ್ತೀಯೋ."

ಮೇಡಂ ಹೇಳೋ ಈ ಚೂಪಿನ ಪಾಠ ಯಾವ ಕೆಲ್ಸಕ್ಕೂ ಬರಲ್ಲ, ತೆಗೀಬೇಕು ಅಂತ ಕಾಲೇಜಲ್ಲಿ ಮೀಟಿಂಗ್ ಇಟ್ರು. ಉಳಿಸ್ಕೊಳ್ಳಕ್ಕೆ ಮೇಡಂ ಅಲ್ಲಿ ಮಾತಾಡ್ಬೇಕಿತ್ತು. ಎಲ್ರಿಗೂ ಕಾಣೋ ಹಂಗೆ ಒಂದು ಸ್ಟೀಲ್ ಪಟ್ಟಿ ಅರ್ಧ ಬಳೆ ಥರ ಬಗ್ಗಿಸಿ, ಒಳಗೆ ಕನ್ನಡಿ ಥರ ಪಾಲಿಶ್ ಹೊಡ್ದು, ಬೇಕಂತ್ಲೇ ಒಂದು ಕಡೆ ಸೊಟ್ಟ ಮಾಡ್ಕೊಡು ಅಂದ್ರು. ಮಾಡಿಟ್ಟೆ. ಸೊಟ್ಟ ಮಾಲು ಶೆಡ್ಡಿಂದ ಆಚೆ ಹೋದ್ರೆ ನಮ್ ಮಾವಂಗೆ ಮರ್ಯಾದೆ ಹೋದಂಗೆ. ನಂಗೂ ಹೇಳ್ದೆ ಮರದ ಸುತ್ತಿಗೇಲಿ ತಟ್ಟಿ, ನೀಟಾಗಿ ಸರಿಮಾಡಿ ಪ್ಯಾಕ್ ಮಾಡಿದ್ರು.

ಮೀಟಿಂಗಲ್ಲಿ ಪಟ್ಟಿ ಬಿಚ್ಚಿ, ಬಿಳಿ ಹಾಳೆ ಮೇಲೆ ನಿಲ್ಸಿ, ಟಾರ್ಚ್ ಬಿಟ್ರೆ ಚೂಪೇನೋ ಬಿತ್ತು, ಪಟ್ಟೀಲಿ ಸೊಟ್ಟಾನೇ ಇಲ್ಲ. ಪಟ್ಟಿ ಹೊತ್ಕೊಂಡು ಬಂದು ಬಾಗ್ಲತ್ರ ನಿಂತಿದ್ದ ನನ್ನ ಮೇಡಂ ಕರೆದ್ರು. "ಬಾರೋ, ಎಲ್ರ ಮುಂದೇನೇ ಒತ್ತಿ ಸೊಟ್ಟ ಮಾಡು."

ಒತ್ತಿದೆ. ಚೂಪು ಒಂಚೂರು ಪಕ್ಕಕ್ಕೆ ಜರುಗ್ತು. ಹೋಗ್ಲಿಲ್ಲ.

ಮುಂದೆ ಕೂತಿದ್ದ ಸಾಹೇಬ್ರೊಬ್ರು, "ಏನಪ್ಪ, ಬೆಳಿಗ್ಗೆ ತಿಂಡಿ ತಿಂದಿಲ್ವಾ? ಜೋರಾಗಿ ಒತ್ತು" ಅಂದ್ರು. ಎಲ್ರೂ ನಕ್ರು. ಉರಿದೋಯ್ತು ನಂಗೆ. ಮೊಣಕಾಲು ಕೊಟ್ಟು ಒತ್ತಿದೆ. ಒಂದಿದ್ದ ಚೂಪು ಮೂರಾಯ್ತು.

"ನೋಡಿ ಸರ್, ಮೆಲ್ಲಗೆ ಅಲ್ಲಾಡ್ಸಿದ್ರೆ ಇದ್ದೇ ಇರತ್ತೆ, ಜೋರಾಗಿ ಅಮುಕಿದ್ರೆ ಹೆಚ್ಚಾಗತ್ತೆ. ಯಾಕೆ ಅಂತ ಹೇಳೋದೇ ನೀವು ತೆಗೀಬೇಕು ಅಂತಿರೋ ಪಾಠ" ಅಂದ್ರು ಮೇಡಂ. ಸಾಹೇಬ್ರು ಫೋನ್ ನೋಡ್ತಾ ಕೂತ್ರು.

ಆದ್ರೂ ತೆಗೆದೇ ಬಿಟ್ರು. ವಾಪಸ್ ಬರ್ತಾ ಬಸ್ಸಲ್ಲಿ, "ಬೇಜಾರಾ ಮೇಡಂ?" ಅಂದೆ.

"ಟೈಂಟೇಬಲ್ ಅವ್ರದ್ದು, ತೆಗೆದ್ರು. ಭಾನುವಾರ ಅವ್ರಪ್ಪಂದಾ?"

ಆ ಭಾನುವಾರನೇ ಅದೇ ಪಾಠಕ್ಕೆ ಟೆರೇಸಲ್ಲಿ ಬೋರ್ಡ್ ನಿಲ್ಸಿದ್ರು. ನೀರಿನ ಟ್ಯಾಂಕ್ ನೆರಳಲ್ಲಿ ನಾಲ್ಕೈದು ಜನ ಕೂರೋರು, ಕಾಲೇಜ್ ಮಕ್ಳ ಜೊತೆ ನಾನೂ. ನಂಗೆ ಅರ್ಧ ತಲೆಗೆ ಹೋಗ್ತಿರ್ಲಿಲ್ಲ. "ಅರ್ಥ ಆಗ್ಲಿಲ್ಲ ಅಂದ್ರೆ ಎದ್ದೋಗ್ಬೇಡ, ಜಗಳ ಆಡು" ಅನ್ನೋರು. ಆಡ್ತಿದ್ದೆ. ನನ್ ಮಾತಿಗೆ ಯಾರಾದ್ರೂ ಕೂತು ಉತ್ತರ ಕೊಟ್ಟಿದ್ದು ಅಂದ್ರೆ ಅವ್ರೇ ಮೊದಲು.

ಹೋದ ವರ್ಷ ಮೇಡಂ ಹಾರ್ಟ್ ನಿಂತು ಹೋದ್ರು. ತಿಥಿ ಮುಗೀತಿದ್ದಂಗೆ ಬಿಲ್ಡಿಂಗ್ ಓನರ್ ಬಂದು, "ಹೇಳ್ಕೊಡೋರೇ ಇಲ್ವಲ್ಲ, ಟೆರೇಸಿಗೆ ಬೀಗ ಹಾಕ್ತೀನಿ" ಅಂದ್ರು.

"ಹಾಕಿ ಅಣ್ಣ, ಮೆಟ್ಲ ಮೇಲೆ ಕೂರ್ತೀವಿ" ಅಂದೆ.

ಹಾಕಿದ್ರು. ಮೆಟ್ಲ ಮೇಲೆ ಕೂರ್ತೀವಿ. ಮೇಡಂ ಹತ್ರ ಓದಿದ ಹುಡ್ಗಿ ಪಾಠ ಹೇಳ್ತಾಳೆ. ಭಾನುವಾರ ಓನರ್ ಟ್ಯಾಂಕ್ ನೋಡಕ್ಕೆ ಮೇಲೆ ಹೋಗ್ಬೇಕಂದ್ರೆ, ಪಂಚೆ ಎತ್ಕೊಂಡು ನಮ್ಮನ್ನ ದಾಟ್ಕೊಂಡೇ ಹೋಗ್ಬೇಕು.